ಒಂದು ರೂಪಾಯಿಯ ಕನಸು: ಸರ್ಕಾರಿ ಲಾಟರಿ ನಡೆದು ಬಂದ ದಾರಿ



ತುಮಕೂರಿನ ಶಿರಾ ಗೇಟ್ ನಿಮ್ಮಲ್ಲಿ ಕೆಲವರಿಗೆ ದಿನವೂ ಕಾಣುವ ಜಾಗ. ಉಳಿದವರು ನಿಮ್ಮ ನಿಮ್ಮ ಊರಿನ ಬಸ್ಸು ನಿಲ್ಲುವ ವೃತ್ತವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಣ್ಣಿನ ಗಾಡಿ, ಟೀ ಅಂಗಡಿ, ಬೀಡಾ ಅಂಗಡಿ, ಪತ್ರಿಕೆ ಮಾರುವವರು, ಆಟೋ ನಿಲ್ದಾಣ ಎಲ್ಲವೂ ಅಲ್ಲಿರುತ್ತವೆ. ಆದರೆ ನಿಮ್ಮ ತಂದೆ ತಾಯಿಯರು ನಿಮ್ಮ ವಯಸ್ಸಿನವರಾಗಿದ್ದಾಗ ಇಂಥ ವೃತ್ತಗಳಲ್ಲಿ ತಪ್ಪದೆ ಇದ್ದ ಒಂದು ವ್ಯಾಪಾರ ಈಗ ಕಾಣುವುದಿಲ್ಲ. ಕ್ಲಿಪ್ಪಿಗೆ ಸಿಕ್ಕಿಸಿ ಸಾಲಾಗಿ ತೂಗುಹಾಕಿದ ಬಣ್ಣಬಣ್ಣದ ಚೀಟಿಗಳು, ಪಕ್ಕದಲ್ಲೊಂದು ಧ್ವನಿವರ್ಧಕ, ಫಲಿತಾಂಶದ ಹಾಳೆಯ ಸುತ್ತ ಬಗ್ಗಿ ನಿಂತ ಹತ್ತಾರು ತಲೆಗಳು. ಅದು ಲಾಟರಿ ಅಂಗಡಿ. ಆ ಚೀಟಿಯನ್ನು ಅಚ್ಚು ಹಾಕಿಸುತ್ತಿದ್ದುದು ಯಾವುದೋ ಖಾಸಗಿ ಕಂಪನಿಯಲ್ಲ, ಸ್ವತಃ ಸರ್ಕಾರ.

ಜೂಜನ್ನು ಅಪರಾಧವೆಂದು ಹೇಳುವ ಸರ್ಕಾರವೇ ಲಾಟರಿಯನ್ನು ಏಕೆ ನಡೆಸಿತು? ನಡೆಸಿದ ಮೇಲೆ 2007ರಲ್ಲಿ ಕರ್ನಾಟಕ ಅದನ್ನು ಏಕೆ ಮುಚ್ಚಿತು? ಮುಚ್ಚಿದ ಮೇಲೆ ಆ ಆಸೆ ಎಲ್ಲಿಗೆ ಹೋಯಿತು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕೋಣ. ಮಾತುಕತೆಯ ಕಾರ್ಯಕ್ರಮದಲ್ಲಿ ಲೆಕ್ಕ ಬಿಡಿಸಲು ಪುರುಸೊತ್ತಿರುವುದಿಲ್ಲ. ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ.

ಚೀಟಿ ಎತ್ತುವುದೆಲ್ಲ ಲಾಟರಿಯಲ್ಲ

ಚೀಟಿ ಎತ್ತಿ ತೀರ್ಮಾನಿಸುವ ಪದ್ಧತಿ ನಮಗೆ ಹೊಸದಲ್ಲ. ಚುನಾವಣೆಯಲ್ಲಿ ಇಬ್ಬರಿಗೆ ಸಮನಾದ ಮತ ಬಂದರೆ ಇಂದಿಗೂ ಚೀಟಿ ಎತ್ತಿಯೇ ಗೆದ್ದವರನ್ನು ಆರಿಸುತ್ತಾರೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳರ ಶಾಸನವಿದೆ. ಹೆಸರು ಬರೆದ ಓಲೆಗಳನ್ನು ಕೊಡದೊಳಗೆ ಹಾಕಿ ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ಅದು ವಿವರಿಸುತ್ತದೆ. ಇಲ್ಲಿ ಯಾರೂ ಹಣ ಕಟ್ಟುವುದಿಲ್ಲ. ಪಕ್ಷಪಾತ ಬೇಡವೆಂದು ಅದೃಷ್ಟವನ್ನು ಕರೆಯುತ್ತಾರೆ, ಅಷ್ಟೆ.

ನಿಮ್ಮ ಮನೆಯವರು ಹಾಕುವ ಚೀಟಿ ವ್ಯವಹಾರವೂ ಬೇರೆ. ಇಪ್ಪತ್ತು ಜನ ತಿಂಗಳಿಗೆ ಇಷ್ಟೆಂದು ಕಟ್ಟುತ್ತಾರೆ. ಮೊದಲು ಯಾರಿಗೆ, ಕೊನೆಗೆ ಯಾರಿಗೆ ಎಂಬುದಷ್ಟೇ ಪ್ರಶ್ನೆ. ಚೀಟಿ ಮುಗಿಯುವ ಹೊತ್ತಿಗೆ ಎಲ್ಲರ ಕೈಗೂ ಹಣ ಬಂದಿರುತ್ತದೆ.

ಲಾಟರಿಯಲ್ಲಿ ಮೂರು ಅಂಶಗಳು ಒಟ್ಟಿಗೆ ಇರುತ್ತವೆ. ಆಡುವವನು ಹಣ ಕೊಡಬೇಕು. ಗೆಲುವು ಬರೀ ಆಕಸ್ಮಿಕವಾಗಿರಬೇಕು. ಗೆದ್ದವನಿಗೆ ಸೋತವರ ಹಣದಿಂದ ಬಹುಮಾನ ಸಲ್ಲಬೇಕು. ಎರಡನೆಯ ಅಂಶವನ್ನು ಚೆನ್ನಾಗಿ ನೆನಪಿಡಿ. ನಮ್ಮ ಜಿಲ್ಲೆಯ ಕುಣಿಗಲ್ಲಿನಲ್ಲಿ, ಟಿಪ್ಪು ಸುಲ್ತಾನನ ಕಾಲದ ಹಿನ್ನೆಲೆಯುಳ್ಳ ಕುದುರೆ ಫಾರಂ ಇದೆ. ಅಂಥ ಫಾರಂಗಳಲ್ಲಿ ಬೆಳೆದ ಕುದುರೆಗಳು ಓಡುವ ಪಂದ್ಯದ ಬಾಜಿಯನ್ನು 1996ರಲ್ಲಿ ಸುಪ್ರೀಂ ಕೋರ್ಟು ಪ್ರಧಾನವಾಗಿ ಕೌಶಲದ ವಿಷಯವೆಂದು ಹೇಳಿತು. ಕುದುರೆಯ ತಳಿ, ತರಬೇತಿ, ಸವಾರನ ಚಾತುರ್ಯ ಇವನ್ನು ಬಲ್ಲವನು ಊಹಿಸಬಲ್ಲ ಎಂಬುದು ಅದರ ತರ್ಕ. ಲಾಟರಿ ಚೀಟಿಗೆ ತಳಿಯೂ ಇಲ್ಲ, ತರಬೇತಿಯೂ ಇಲ್ಲ. ಅಲ್ಲಿ ಪಂಡಿತನೂ ಪಾಮರನೂ ಒಂದೇ.

ತೆರಿಗೆ ಹಾಕಲಾಗದ ದೊರೆಯ ಉಪಾಯ

ಲಾಟರಿಯ ಚರಿತ್ರೆಯಲ್ಲಿ ಒಂದೇ ಕಥೆ ಮತ್ತೆ ಮತ್ತೆ ಬರುತ್ತದೆ. ಖಜಾನೆಗೆ ಹಣ ಬೇಕು, ತೆರಿಗೆ ಏರಿಸಿದರೆ ಜನ ಸಿಡಿದೇಳುತ್ತಾರೆ. ಆಗ ಜನರೇ ನಕ್ಕು ಕೊಡುವಂಥ ಒಂದು ದಾರಿ ಬೇಕಾಗುತ್ತದೆ.

ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿ ಬಂದರುಗಳ ದುರಸ್ತಿಗೆಂದು 1567ರಲ್ಲಿ ಲಾಟರಿ ಸಾರಿದಳು. ಟಿಕೆಟ್ಟಿಗೆ 10 ಷಿಲಿಂಗ್, ಒಟ್ಟು 4 ಲಕ್ಷ ಟಿಕೆಟ್. ಡ್ರಾ ನಡೆದದ್ದು 1569ರಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು 1753ರ ಲಾಟರಿಯ ಹಣದಿಂದ. ಆದರೆ ವಂಚನೆಯೂ ಸಾಲವೂ ಮಿತಿ ಮೀರಿದಾಗ ಅದೇ ಇಂಗ್ಲೆಂಡು 1826ರಲ್ಲಿ ಸರ್ಕಾರಿ ಲಾಟರಿಯನ್ನು ನಿಲ್ಲಿಸಿತು.

ಈ ಉಪಾಯ ಈಸ್ಟ್ ಇಂಡಿಯಾ ಕಂಪನಿಯ ಜೊತೆಗೆ ಭಾರತಕ್ಕೂ ಬಂತು. ಕಲ್ಕತ್ತೆಯ ಟೌನ್ ಹಾಲ್ ಕಟ್ಟಿದ್ದು ಲಾಟರಿಯ ಹಣದಿಂದ. 1817ರಲ್ಲಿ ಅಲ್ಲಿ ಲಾಟರಿ ಸಮಿತಿ ಎಂಬ ಹೆಸರಿನದೇ ಒಂದು ಸಮಿತಿಯಾಯಿತು. ಊರಿನ ರಸ್ತೆ, ಕೆರೆ, ಕಾಲುವೆಗಳ ಕೆಲಸವನ್ನು ಅದು ಲಾಟರಿಯ ಲಾಭದಿಂದ ಮಾಡಿಸಿತು. ಮುಂದೆ 1870ರಲ್ಲಿ ಭಾರತ ದಂಡಸಂಹಿತೆಗೆ 294-ಎ ಎಂಬ ಕಲಮನ್ನು ಸೇರಿಸಿ, ಸರ್ಕಾರದ ಅನುಮತಿಯಿಲ್ಲದೆ ಲಾಟರಿ ಕಚೇರಿ ನಡೆಸುವುದನ್ನು ಅಪರಾಧವಾಗಿಸಿದರು. ಲಾಟರಿಯೇ ತಪ್ಪೆಂದು ಕಾನೂನು ಹೇಳಲಿಲ್ಲ, ಅನುಮತಿಯಿಲ್ಲದ ಲಾಟರಿ ತಪ್ಪೆಂದು ಹೇಳಿತು. ಮುಂದಿನ ನೂರು ವರ್ಷಗಳ ಗೊಂದಲಕ್ಕೆ ಬೀಜ ಇಲ್ಲಿದೆ.

ಬೆಂಗಳೂರಿನ ಪದಬಂಧ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬಹುಮಾನದ ಹುಚ್ಚು ಹಿಡಿಸಿದ್ದು ಲಾಟರಿಯಲ್ಲ, ಪದಬಂಧ. ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ.ಸಿ. ಎಂಬ ಸಂಸ್ಥೆ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಹಣ ಕಟ್ಟಿ ಉತ್ತರ ಕಳಿಸುವವರು ನೆರೆಯ ಮುಂಬಯಿ ರಾಜ್ಯದಲ್ಲೂ ಬಹಳ ಮಂದಿ. ಮುಂಬಯಿ ರಾಜ್ಯ ಅದರ ಮೇಲೆ ತೆರಿಗೆ ಹಾಕಿತು. ಇದು ವ್ಯಾಪಾರ, ವ್ಯಾಪಾರಕ್ಕೆ ಸಂವಿಧಾನದ ರಕ್ಷಣೆಯಿದೆ ಎಂದು ಸಂಸ್ಥೆ ವಾದಿಸಿತು.

1957ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತದ ಧರ್ಮರಾಯನನ್ನೂ ತೀರ್ಪಿನಲ್ಲಿ ನೆನೆದರು. ಪಂಪ, ಕುಮಾರವ್ಯಾಸರನ್ನು ಓದಿದ ನಮಗೆ ಪಗಡೆಯ ಹಾಸು ಎಲ್ಲಿಗೆ ಮುಟ್ಟಿಸುತ್ತದೆಂದು ಬೇರೆ ಹೇಳಬೇಕಿಲ್ಲ. ಜೂಜು ವ್ಯಾಪಾರವಲ್ಲ, ಅದಕ್ಕೆ ವ್ಯಾಪಾರದ ಸ್ವಾತಂತ್ರ್ಯವೂ ಇಲ್ಲ ಎಂಬುದು ತೀರ್ಪಿನ ಸಾರ. ಇದಕ್ಕೆ ಮೊದಲೇ 1955ರಲ್ಲಿ ಸಂಸತ್ತು ಬಹುಮಾನ ಸ್ಪರ್ಧೆಗಳ ಕಾಯಿದೆ ತಂದಿತ್ತು. ತಿಂಗಳ ಬಹುಮಾನದ ಮೊತ್ತ 1,000 ರೂಪಾಯಿ, ಪ್ರವೇಶಗಳ ಸಂಖ್ಯೆ 2,000 ದಾಟಕೂಡದೆಂದು ಅದು ಮಿತಿ ಹಾಕಿತು.

ಹೀಗೆ ಖಾಸಗಿಯವರ ಬಾಗಿಲು ಮುಚ್ಚಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಸರ್ಕಾರದ ಬಾಗಿಲು ತೆರೆಯಿತು.

ಕೇರಳದ ದಾರಿ, ಮೈಸೂರಿನ ನಡಿಗೆ

1967ರಲ್ಲಿ ಕೇರಳ ಸರ್ಕಾರ ಲಾಟರಿಗೆಂದೇ ಒಂದು ಇಲಾಖೆ ತೆರೆಯಿತು. ಟಿಕೆಟ್ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಬೇರೆ ರಾಜ್ಯಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಆಗಿನ ಮೈಸೂರು ರಾಜ್ಯವೂ ಹಿಂದೆ ಬೀಳಲಿಲ್ಲ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾಯಿತು, ಟಿಕೆಟ್ಟಿನ ಮೇಲಿನ ಹೆಸರೂ ಬದಲಾಯಿತು.

ಆರಂಭದ ಲಾಟರಿಯ ನಡಿಗೆ ನಿಧಾನದ್ದು. ಟಿಕೆಟ್ಟಿನ ಮೇಲೆ ಸರಣಿಯ ಅಕ್ಷರ, ಐದಾರು ಅಂಕಿಗಳ ಸಂಖ್ಯೆ, ಡ್ರಾ ನಡೆಯುವ ತಾರೀಖು. ಡ್ರಾ ಎಂದರೆ ಸಭೆಯ ಮುಂದೆ, ಗಣ್ಯರ ಎದುರಿಗೆ ನಡೆಯುವ ಒಂದು ಸಮಾರಂಭ. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಚಕ್ರಗಳು ಒಟ್ಟಿಗೆ ತಿರುಗುತ್ತವೆ. ನಿಂತಾಗ ಎದುರಿಗೆ ಬಂದ ಅಂಕಿಗಳನ್ನು ಸಾಲಾಗಿ ಓದಿದರೆ ಅದೇ ಗೆದ್ದ ಸಂಖ್ಯೆ. ಕೊಂಡವರು ಚೀಟಿಯನ್ನು ದೇವರ ಪಟದ ಹಿಂದೋ ಪುಸ್ತಕದ ನಡುವೆಯೋ ಇಟ್ಟು ಪತ್ರಿಕೆಯಲ್ಲಿ ಫಲಿತಾಂಶ ಬರುವವರೆಗೂ ಕಾಯುತ್ತಿದ್ದರು. ಒಂದು ರೂಪಾಯಿಗೆ ಹಲವು ದಿನಗಳ ಕನಸು. ಬಹುಮಾನ ಬರದಿದ್ದರೆ ಹೋಗುವುದು ಒಂದೇ ರೂಪಾಯಿ. ಹಬ್ಬ ಹರಿದಿನಗಳಿಗೆ ದೊಡ್ಡ ಮೊತ್ತದ ಬಂಪರ್ ಡ್ರಾ ಇರುತ್ತಿತ್ತು.

ಅಂಗಡಿ, ತಳ್ಳುಗಾಡಿ ಇಟ್ಟುಕೊಳ್ಳುವಷ್ಟು ಬಂಡವಾಳ ಇಲ್ಲದವರಿಗೂ ಅಂಗವಿಕಲರಿಗೂ ಈ ಮಾರಾಟ ಒಂದು ಜೀವನೋಪಾಯವಾಯಿತು. ಸರ್ಕಾರದಿಂದ ಸಗಟು ವಿತರಕ, ಅವನಿಂದ ಏಜೆಂಟ್, ಏಜೆಂಟನಿಂದ ವೃತ್ತದಲ್ಲಿ ನಿಂತು ಮಾರುವವನು. ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ಕಮಿಷನ್.

ಒಂದಂಕಿಯ ಲೆಕ್ಕ

ಈ ನಿಧಾನದ ಆಟ ತೊಂಬತ್ತರ ದಶಕದಲ್ಲಿ ವೇಗ ಪಡೆಯಿತು. ಬೇರೆ ಬೇರೆ ರಾಜ್ಯಗಳ ಹೆಸರಿನ ಟಿಕೆಟ್ಟುಗಳು ಒಂದೇ ಅಂಗಡಿಯಲ್ಲಿ ತೂಗತೊಡಗಿದವು. ಅವುಗಳ ನಡುವೆ ಬಂದದ್ದು ಒಂದಂಕಿ ಲಾಟರಿ. ಇಲ್ಲಿ ಆರು ಅಂಕಿ ಹೊಂದಬೇಕಿಲ್ಲ, ಕೊನೆಯ ಒಂದು ಅಂಕಿ ಹೊಂದಿದರೆ ಸಾಕು. ದಿನಕ್ಕೆ ಒಂದಲ್ಲ, ಹಲವು ಡ್ರಾ.

ಹತ್ತರಲ್ಲಿ ಒಂದು ಅಂಕಿ ಬರಲೇಬೇಕಲ್ಲ, ಅಂದಮೇಲೆ ಇದು ಸುಲಭವಲ್ಲವೆ ಎಂದು ನೀವು ಕೇಳಬಹುದು. ಪೆನ್ಸಿಲ್ ತೆಗೆದುಕೊಳ್ಳಿ.

ನೂರು ಜನ ತಲಾ 10 ರೂಪಾಯಿ ಕೊಟ್ಟು ಒಂದೊಂದು ಟಿಕೆಟ್ ಕೊಂಡರು ಎಂದಿಟ್ಟುಕೊಳ್ಳಿ. ಕೂಡಿದ್ದು 1,000 ರೂಪಾಯಿ. ಹತ್ತು ಅಂಕಿಗಳ ಮೇಲೂ ಸಮನಾಗಿ ಹಂಚಿದ್ದರೆ ಗೆಲ್ಲುವವರು ಹತ್ತು ಜನ. ಗೆದ್ದವನಿಗೆ 70 ರೂಪಾಯಿ ಬಹುಮಾನವೆಂದು ಇಟ್ಟರೆ ಹಂಚಿಹೋಗುವುದು 700. ಉಳಿದ 300 ರೂಪಾಯಿ ಅಂಗಡಿ, ಏಜೆಂಟ್, ವಿತರಕ, ಸರ್ಕಾರ ಇವರ ನಡುವೆ ಹೋಗುತ್ತದೆ. ಅಂದರೆ ಆಡುವವರೆಲ್ಲರ ಹಣ ಪ್ರತಿ ಡ್ರಾಗೆ ನೂರಕ್ಕೆ ಮೂವತ್ತರಂತೆ ಕರಗುತ್ತದೆ. ಗೆದ್ದವರು ಗೆದ್ದದ್ದನ್ನೇ ಮತ್ತೆ ಹೂಡುತ್ತಾ ಹೋದರೆ ಅವರೆಲ್ಲರ ಕೈಯಲ್ಲಿದ್ದ ನೂರು ರೂಪಾಯಿ ಸರಾಸರಿಯಲ್ಲಿ ಮೊದಲ ಡ್ರಾ ಆದಮೇಲೆ 70, ಎರಡನೆಯದಾದ ಮೇಲೆ 49, ಆಮೇಲೆ 34, ಆಮೇಲೆ 24. ಐದನೆಯ ಡ್ರಾ ಮುಗಿಯುವ ಹೊತ್ತಿಗೆ ಉಳಿಯುವುದು 17 ರೂಪಾಯಿಗೂ ಕಡಿಮೆ.

ಈಗ ಮುಖ್ಯ ಮಾತು. ವಾರಕ್ಕೊಂದು ಡ್ರಾ ಇದ್ದರೆ ಈ ಕರಗುವಿಕೆಗೆ ಐದು ವಾರ ಬೇಕು. ದಿನಕ್ಕೆ ಐದು ಡ್ರಾ ಇದ್ದರೆ ಒಂದು ಸಂಜೆ ಸಾಕು. ಸೋಲಿನ ಪ್ರಮಾಣ ಅದೇ, ಬದಲಾದದ್ದು ವೇಗ. ಬೆಳಗ್ಗೆ ಕೂಲಿಗೆ ಹೊರಟವನು ಸಂಜೆ ಮನೆ ಮುಟ್ಟುವ ಮೊದಲೇ ಕೂಲಿಯನ್ನು ವೃತ್ತದಲ್ಲಿ ಬಿಟ್ಟು ಹೋಗುವುದು ಇದರಿಂದ ಸಾಧ್ಯವಾಯಿತು. ಮನೆಯ ಒಲೆ ವಾರದ ಲಾಟರಿಗೆ ಆರಿರಲಿಲ್ಲ, ದಿನದ ಲಾಟರಿಗೆ ಆರಿತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತೆಗೆದುಹಾಕೋಣ. ಹಳೆಯ ಫಲಿತಾಂಶಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ನಾಲ್ಕು ದಿನದಿಂದ 7 ಬಂದಿಲ್ಲ, ಇವತ್ತು ಬರಲೇಬೇಕು ಎಂದು ಲೆಕ್ಕ ಹಾಕುವವರಿದ್ದರು. ಚಕ್ರಕ್ಕೆ ನೆನಪಿಲ್ಲ. ನಿನ್ನೆ ಏನು ಬಂತೆಂದು ಅದಕ್ಕೆ ಗೊತ್ತಿಲ್ಲ. ಪ್ರತಿ ಡ್ರಾದಲ್ಲೂ 7 ಬರುವ ಸಂಭವ ಹತ್ತರಲ್ಲಿ ಒಂದು, ಅಷ್ಟೆ.

2000ದ ನಂತರ ಕಂಪ್ಯೂಟರ್ ಮೂಲಕ ಆನ್‌ಲೈನ್ ಲಾಟರಿ ಬಂತು. ಇಲ್ಲಿ ಸಂಖ್ಯೆಯನ್ನು ನೀವೇ ಆರಿಸಬಹುದು. 49 ಸಂಖ್ಯೆಗಳಲ್ಲಿ 6 ಆರಿಸುವ ಆಟವನ್ನು ನೋಡಿ. 49, 48, 47, 46, 45, 44 ಇವನ್ನು ಗುಣಿಸಿ 720ರಿಂದ ಭಾಗಿಸಿದರೆ 1,39,83,816 ಬರುತ್ತದೆ. ಅಷ್ಟು ಜೋಡಣೆಗಳಲ್ಲಿ ನಿಮ್ಮದು ಒಂದು. ಸಂಖ್ಯೆಯನ್ನು ನಾನೇ ಆರಿಸಿದೆ ಎಂಬ ತೃಪ್ತಿ ಸಿಗುತ್ತದೆ, ಸಂಭವ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ.

ಮೊದಲು ನಿನ್ನ ಅಂಗಡಿ ಮುಚ್ಚು

ಇಷ್ಟೆಲ್ಲ ಆಗುವಾಗ ಕಾನೂನು ಏನು ಮಾಡುತ್ತಿತ್ತು? ನಮ್ಮ ಸಂವಿಧಾನದಲ್ಲಿ ಜೂಜು, ಬಾಜಿ ರಾಜ್ಯಗಳ ಪಟ್ಟಿಯಲ್ಲಿವೆ. ಆದರೆ ಸರ್ಕಾರಗಳೇ ನಡೆಸುವ ಲಾಟರಿ ಕೇಂದ್ರದ ಪಟ್ಟಿಯ 40ನೆಯ ಬಾಬ್ತು. ಹೀಗಾಗಿ ಒಂದು ರಾಜ್ಯ ಇನ್ನೊಂದು ರಾಜ್ಯದ ಟಿಕೆಟ್ಟನ್ನು ತನ್ನ ಗಡಿಯಲ್ಲಿ ತಡೆಯುವುದು ಸುಲಭವಿರಲಿಲ್ಲ.

ಸಂಸತ್ತಿನ 1998ರ ಲಾಟರಿ ನಿಯಂತ್ರಣ ಕಾಯಿದೆ ಈ ಗಂಟನ್ನು ಬಿಡಿಸಲು ಹೊರಟಿತು. 1997ರ ಅಕ್ಟೋಬರ್ 2ರಿಂದಲೇ, ಅಂದರೆ ಗಾಂಧಿ ಜಯಂತಿಯ ದಿನದಿಂದಲೇ, ಅದು ಜಾರಿಗೆ ಬಂದಂತೆ ಎಣಿಸಲಾಯಿತು. ಅದರ ಕಟ್ಟಳೆಗಳನ್ನು ನೋಡಿ: ಒಂದೇ ಅಂಕಿಯ ಆಧಾರದ ಮೇಲೆ ಬಹುಮಾನ ಕೊಡಕೂಡದು, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಕೂಡದು, ಬಂಪರ್ ಡ್ರಾಗಳು ವರ್ಷಕ್ಕೆ ಆರನ್ನು ಮೀರಕೂಡದು, ಟಿಕೆಟ್ಟನ್ನು ಸರ್ಕಾರವೇ ಅಚ್ಚು ಹಾಕಿಸಬೇಕು, ಡ್ರಾವನ್ನು ಸರ್ಕಾರವೇ ನಡೆಸಬೇಕು. ನಾವು ಪೆನ್ಸಿಲ್ಲಿನಲ್ಲಿ ಕಂಡುಕೊಂಡ ವೇಗದ ಅಪಾಯವನ್ನೇ ಈ ಕಾಯಿದೆ ಹಿಡಿದು ಕಟ್ಟಲು ಯತ್ನಿಸಿದ್ದನ್ನು ಗಮನಿಸಿ.

ಇದೇ ಕಾಯಿದೆಯ 5ನೆಯ ಕಲಮು ಹೊರರಾಜ್ಯಗಳ ಲಾಟರಿಯನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದು ಎರಡು ಮಾತು ಹೇಳಿತು. ಒಂದು, ಸರ್ಕಾರ ನಡೆಸಿದ ಮಾತ್ರಕ್ಕೆ ಲಾಟರಿ ಜೂಜಲ್ಲದೆ ಹೋಗುವುದಿಲ್ಲ. ಎರಡು, ಬೇರೆಯವರ ಲಾಟರಿಯನ್ನು ತಡೆಯಬೇಕಾದರೆ ರಾಜ್ಯವು ಮೊದಲು ತನ್ನದನ್ನು ಬಿಡಬೇಕು. ನನ್ನ ಅಂಗಡಿ ಇರಲಿ, ಪಕ್ಕದವನದು ಮುಚ್ಚಲಿ ಎಂದರೆ ನ್ಯಾಯವಲ್ಲ.

ತಮಿಳುನಾಡು 2003ರಲ್ಲಿ ತನ್ನ ಅಂಗಡಿ ಮುಚ್ಚಿತು. ಕರ್ನಾಟಕ ಮೊದಲು ತೆರಿಗೆಯ ದಾರಿ ಹಿಡಿಯಿತು. 2004ರಲ್ಲಿ ಲಾಟರಿ ತೆರಿಗೆ ಕಾಯಿದೆ ಮಾಡಿತು. ಹೊರರಾಜ್ಯಗಳು ಅದನ್ನು ಪ್ರಶ್ನಿಸಿದವು. ಆ ವ್ಯಾಜ್ಯ ಎಷ್ಟು ಎಳೆಯಿತೆಂದರೆ, ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆಯೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಮಾರ್ಚಿಯಲ್ಲಿ. ಅಷ್ಟರಲ್ಲಿ ತೆರಿಗೆ ಹಾಕಲು ಲಾಟರಿಯೇ ಇರಲಿಲ್ಲ! ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದ ಸರ್ಕಾರ 2007ರಲ್ಲಿ ಕರ್ನಾಟಕವನ್ನು ಲಾಟರಿಮುಕ್ತ ರಾಜ್ಯವಾಗಿಸಿತ್ತು. ಸಾರಾಯಿ ನಿಷೇಧವೂ ಅದೇ ವರ್ಷದ್ದು. ಖಜಾನೆಗೆ ಬರುತ್ತಿದ್ದ ಹಣವನ್ನು ಸರ್ಕಾರ ತಾನಾಗಿ ಬಿಟ್ಟುಕೊಟ್ಟ ಅಪರೂಪದ ಸಂದರ್ಭ ಅದು.

ಮುಚ್ಚಿದ ಮೇಲೆ

ನಿಷೇಧದಿಂದ ಎಲ್ಲವೂ ಸರಿಹೋಯಿತೆ? ಇಲ್ಲಿ ಎರಡೂ ಬದಿಯ ಮಾತನ್ನು ಕೇಳಬೇಕು.

ಕೂಲಿಕಾರರ ಮನೆಗಳಿಗೆ ಇದು ದೊಡ್ಡ ನೆಮ್ಮದಿ. ಕಣ್ಣೆದುರಿಗೆ ತೂಗುವ ಆಸೆ ಇಲ್ಲವಾದಾಗ ಕೈ ತಾನಾಗಿ ಜೇಬಿಗೆ ಹೋಗುವುದಿಲ್ಲ. ಆದರೆ ಟಿಕೆಟ್ ಮಾರಿಯೇ ಬದುಕುತ್ತಿದ್ದವರಿಗೆ ಒಂದೇ ಏಟಿಗೆ ದಾರಿ ತಪ್ಪಿತು. ಅಕ್ರಮವೂ ನಿಲ್ಲಲಿಲ್ಲ. ಮಟ್ಕಾ ಮೊದಲಿನಿಂದಲೂ ಇತ್ತು. ಗುಟ್ಟಾಗಿ ನಡೆಯುತ್ತಿದ್ದ ಒಂದಂಕಿ ಲಾಟರಿಯ ಜಾಲ 2015ರಲ್ಲಿ ರಾಜ್ಯದ ದೊಡ್ಡ ಸುದ್ದಿಯಾಗಿ, ತನಿಖೆಯನ್ನು ಸಿಬಿಐಗೆ ಒಪ್ಪಿಸುವವರೆಗೆ ಹೋಯಿತು.

ಗಡಿಯೂ ಒಂದಿದೆ. ಮಂಗಳೂರಿನಿಂದ ತಲಪಾಡಿ ದಾಟಿದರೆ ಮಂಜೇಶ್ವರ, ಕಾಸರಗೋಡು. ಮಾತು ಕನ್ನಡ, ತುಳು. ಆದರೆ ಆಡಳಿತ ಕೇರಳದ್ದು. ಅಲ್ಲಿ ಲಾಟರಿ ಇಂದಿಗೂ ಸರ್ಕಾರದ್ದೇ ವ್ಯವಹಾರ. ಇತ್ತಲಿನವರು ಅತ್ತ ಹೋಗಿ ಕೊಳ್ಳುವುದುಂಟು. 2024ರಲ್ಲಿ ಕೇರಳದ ತಿರುವೋಣಂ ಬಂಪರಿನ 25 ಕೋಟಿ ರೂಪಾಯಿ ಬಂದದ್ದು ಕರ್ನಾಟಕದವರೊಬ್ಬರಿಗೆ. ಸುದ್ದಿ ಕೇಳಿ ನಮ್ಮಲ್ಲಿ ಎಷ್ಟೋ ಮಂದಿ, ನಾವೂ ಒಂದು ಕೊಳ್ಳಬಹುದಿತ್ತಲ್ಲ ಎಂದುಕೊಂಡರು.

ಹಾಗಾದರೆ ಕೊಂಡಿದ್ದರೆ? ಆ ಬಂಪರಿನ ಟಿಕೆಟ್ ಬೆಲೆ 500 ರೂಪಾಯಿ. ಮಾರಾಟವಾದ ಟಿಕೆಟ್ಟುಗಳು 71 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ಇಡೀ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 26.8 ಲಕ್ಷ. ಅದರ ಎರಡೂವರೆ ಪಟ್ಟಿಗೂ ಮಿಕ್ಕಿದ ಜನಸಂದಣಿಯಲ್ಲಿ ಒಬ್ಬರು ಮಾತ್ರ ಮೊದಲ ಬಹುಮಾನ ಪಡೆಯುತ್ತಾರೆ. ಇನ್ನೊಂದು ರೀತಿ ನೋಡೋಣ. ಒಂದು ಟಿಕೆಟ್ 12 ಸೆಂಟಿಮೀಟರ್ ಉದ್ದವೆಂದು ಇಟ್ಟುಕೊಳ್ಳಿ. ಶಿರಾ ಗೇಟಿನಿಂದ ಆ ಟಿಕೆಟ್ಟುಗಳನ್ನು ಒಂದರ ತುದಿಗೆ ಒಂದು ಜೋಡಿಸುತ್ತಾ ಹೊರಡಿ. ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಎಲ್ಲ ಕಳೆದು, ಮಹಾರಾಷ್ಟ್ರದಲ್ಲಿ ಪುಣೆಯನ್ನೂ ದಾಟುತ್ತೀರಿ. ಸುಮಾರು 850 ಕಿಲೋಮೀಟರ್ ದೂರ. ಈ ಉದ್ದಕ್ಕೂ ಬಿದ್ದಿರುವ ಚೀಟಿಗಳಲ್ಲಿ ಕಣ್ಣು ಕಟ್ಟಿಕೊಂಡು ಒಂದನ್ನು ಎತ್ತಬೇಕು. ಅದೇ ಆ ಒಂದು ಚೀಟಿ ಆಗಿರಬೇಕು.

ಆದರೂ ಯಾರಿಗೋ ಬಂತಲ್ಲ ಎನ್ನುತ್ತೀರಿ. ನಿಜ, ಯಾರಿಗಾದರೂ ಬರಲೇಬೇಕು, ಆಟದ ನಿಯಮವೇ ಅದು. ಯಾರಿಗೋ ಬಂದೇ ಬರುತ್ತದೆ ಎಂಬುದಕ್ಕೂ ನನಗೆ ಬರುತ್ತದೆ ಎಂಬುದಕ್ಕೂ ನಡುವೆ 850 ಕಿಲೋಮೀಟರ್ ಅಂತರವಿದೆ. ಲಾಟರಿ ಬದುಕುವುದು ಈ ಅಂತರವನ್ನು ನಾವು ಮರೆಯುವುದರಿಂದ. ಗೆದ್ದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಸೋತ 70 ಲಕ್ಷ ಜನರ ಫೋಟೋ ಹಾಕಲು ಯಾವ ಪತ್ರಿಕೆಯಲ್ಲಿ ಜಾಗವಿದೆ?

ವೃತ್ತದಿಂದ ಅಂಗೈಗೆ

ಲಾಟರಿ ಅಂಗಡಿ ಹೋದ ಮೇಲೆ ಅದರ ಜಾಗಕ್ಕೆ ಮೊಬೈಲ್ ಫೋನ್ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗದೆಂದು ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕುಣಿಗಲ್ಲಿನ ಕುದುರೆಯ ವಿಷಯದಲ್ಲಿ ನಾವು ನೋಡಿದ ಅದೇ ಗೆರೆ! 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯಿದೆ ಮಾಡಿ ಹಣದ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸಿತು.

ಆದರೆ ಅನುಭವ ಒಂದು ಪಾಠ ಹೇಳಿದೆ. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು, ಆಸೆಯನ್ನು ಮುಚ್ಚಲಾರದು. ವಾರಕ್ಕೊಂದು ಇದ್ದ ಡ್ರಾ ದಿನಕ್ಕೈದಾಯಿತು, ದಿನಕ್ಕೈದು ಇದ್ದದ್ದು ಫೋನಿನಲ್ಲಿ ನಿಮಿಷಕ್ಕೊಂದಾಗಬಹುದು. ನೂರು ರೂಪಾಯಿ ಹದಿನೇಳಾಗಲು ಆಗ ಎಷ್ಟು ಹೊತ್ತು ಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಲ್ಲಿರಿ. ಈ ಲೆಕ್ಕ ಬಲ್ಲವನಿಗೆ ನಿಷೇಧ ಬೇಕಿಲ್ಲ.

ಮಾಡಿ ನೋಡಿ

ತರಗತಿಯಲ್ಲಿ ನಲವತ್ತು ಜನರಿದ್ದರೆ ತಲಾ ಹತ್ತು ಹುಣಸೆ ಬೀಜ ಹಂಚಿಕೊಳ್ಳಿ. ಸೊನ್ನೆಯಿಂದ ಒಂಬತ್ತರವರೆಗೆ ಬರೆದ ಹತ್ತು ಚೀಟಿಗಳನ್ನು ಡಬ್ಬಿಗೆ ಹಾಕಿ. ಪ್ರತಿಯೊಬ್ಬರೂ ಒಂದು ಅಂಕಿ ಹೇಳಿ ಒಂದು ಬೀಜ ಕಟ್ಟಬೇಕು. ಒಬ್ಬರು ಚೀಟಿ ಎತ್ತಬೇಕು. ಅಂಕಿ ಹೊಂದಿದವರಿಗೆ ಏಳು ಬೀಜ, ಉಳಿದದ್ದೆಲ್ಲ ಮೇಜಿನ ಮೇಲಿನ ಬಟ್ಟಲಿಗೆ. ಗೆದ್ದವರಿಗೆ ಕೊಡಲು ಆ ಸಲದ ಬೀಜ ಸಾಲದೆ ಬಂದರೆ ಬಟ್ಟಲಿನಿಂದ ಕೊಡಿ. ಹತ್ತು ಸಲ ಆಡಿ. ಪ್ರತಿ ಸಲವೂ ಬಟ್ಟಲಿನಲ್ಲಿ ಎಷ್ಟು ಬೀಜವಿದೆಯೆಂದು ಹಲಗೆಯ ಮೇಲೆ ಬರೆಯುತ್ತಾ ಹೋಗಿ.

ಆಟ ಮುಗಿದ ಮೇಲೆ ಚರ್ಚಿಸಿ. ಆ ಬಟ್ಟಲು ಸರ್ಕಾರದ್ದಾಗಿದ್ದು, ಅದರ ಬೀಜಗಳಿಂದ ಒಂದು ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟುವುದಾದರೆ ಲಾಟರಿ ಸರಿಯೆ? ಉತ್ತರ ಹೇಳುವ ಮೊದಲು ತರಗತಿಯಲ್ಲಿ ಒಮ್ಮೆ ಸುತ್ತ ನೋಡಿ. ಯಾರ ಕೈ ಬರಿದಾಗಿದೆ ಎಂಬುದನ್ನೂ ಎಣಿಸಿಕೊಳ್ಳಿ.